ಬಿಲ್ಡ್ ಟೂಲ್‌ಗೆ ಹೊರಗಿನ ಪ್ಯಾಕೇಜ್‌ನಿಂದ ಸಬ್‌ಕಮಾಂಡ್ ಸೇರಿಸುವುದು ಹೇಗೆ?

ಪ್ರಶ್ನೆ:
ಆರ್ಗ್‌ಪಾರ್ಸ್ (ಕಮಾಂಡ್ ಸಾಲು ಓದುವ ಪೈಥಾನ್ ಮಾಡ್ಯೂಲ್) ಬಳಸಿದ ಬಿಲ್ಡ್ ಟೂಲ್, ಪೈಥಾನ್ 3.10. ಬಿಲ್ಡ್, ಕ್ಲೀನ್, ಟೆಸ್ಟ್ ಎಂಬ ಮೂರು ಸಬ್‌ಕಮಾಂಡ್‌ಗಳೂ (ಟೂಲ್ ಹೆಸರಿನ ನಂತರ ಕೊಡುವ ಕಮಾಂಡ್) ಒಂದೇ ಇಫ್-ಎಲಿಫ್ ಸಾಲಿನಲ್ಲಿವೆ. ಮುಖ್ಯ ಕೋಡ್ ಮುಟ್ಟದೆ ಬೇರೆ ತಂಡದವರು ತಮ್ಮ ಕಮಾಂಡ್ ಸೇರಿಸುವಂತಾಗಬೇಕು. ಪ್ಯಾಕೇಜ್‌ನ ಸೆಟಪ್ ಫೈಲಾದ ಪೈಪ್ರಾಜೆಕ್ಟ್ ಟಾಮಲ್‌ನಲ್ಲಿ ಎಂಟ್ರಿ ಪಾಯಿಂಟ್ (ಬೇರೆ ಟೂಲ್‌ಗಳು ಹುಡುಕಿಕೊಳ್ಳಲು ಪ್ಯಾಕೇಜ್ ಘೋಷಿಸುವ ಫಂಕ್ಷನ್ ಹೆಸರು) ಬರೆದಾಯ್ತು, ಹೆಲ್ಪ್‌ನಲ್ಲಿ ಮಾತ್ರ ಆ ಕಮಾಂಡ್ ಕಾಣುತ್ತಿಲ್ಲ. ಎಡಿಟೆಬಲ್ ಇನ್‌ಸ್ಟಾಲೇ (ಕೋಡ್ ಇದ್ದ ಜಾಗದಿಂದಲೇ ಓಡುವ ಇನ್‌ಸ್ಟಾಲ್) ಇದೆ.

ಉತ್ತರ 1:
ಎಡಿಟೆಬಲ್ ಇದ್ದರೂ ಇನ್ನೊಮ್ಮೆ ಪಿಪ್ ಇನ್‌ಸ್ಟಾಲ್ ಕೊಡಿ. ಕೋಡ್ ಬದಲಾದರೆ ತಕ್ಷಣ ಸಿಗುತ್ತದೆ, ಎಂಟ್ರಿ ಪಾಯಿಂಟ್ ಹಾಗಲ್ಲ: ಇನ್‌ಸ್ಟಾಲ್ ಆಗುವಾಗ ಪಿಪ್ ಅದನ್ನು ಮೆಟಾಡೇಟಾ ಫೈಲ್‌ಗೆ ಬರೆಯುತ್ತದೆ, ಟೂಲ್ ಓದುವುದು ಆ ಫೈಲನ್ನೇ. ಎಂಟ್ರಿ ಪಾಯಿಂಟ್‌ನ ಗ್ರೂಪ್ ಹೆಸರು ಪೈಪ್ರಾಜೆಕ್ಟ್ ಟಾಮಲ್‌ನಲ್ಲೂ ಅದನ್ನು ಹುಡುಕುವ ಟೂಲ್ ಕೋಡ್‌ನಲ್ಲೂ ಒಂದೇ ಇದೆಯೇ ನೋಡಿ. ಒಂದಕ್ಷರ ತಪ್ಪಿದರೂ ಎರರ್ ಬರುವುದಿಲ್ಲ, ಪಟ್ಟಿ ಖಾಲಿ ಬರುತ್ತದೆ ಅಷ್ಟೆ.

ಇಫ್-ಎಲಿಫ್ ಬೇಡವೇ ಬೇಡ. ಪ್ರತಿ ಪ್ಲಗಿನ್ (ಕಮಾಂಡ್ ಸೇರಿಸುವ ಹೊರಗಿನ ಪ್ಯಾಕೇಜ್) ಒಂದು ರಿಜಿಸ್ಟರ್ ಫಂಕ್ಷನ್ ಕೊಡಲಿ. ಅದರೊಳಗೆ ಆ್ಯಡ್_ಪಾರ್ಸರ್ ಕರೆದು ತನ್ನ ಸಬ್‌ಕಮಾಂಡ್‌ಗೆ ಸಬ್‌ಪಾರ್ಸರ್ ಮಾಡಿಕೊಂಡು, ಸೆಟ್_ಡಿಫಾಲ್ಟ್ಸ್‌ನಲ್ಲಿ ಫಂಕ್ ಎಂಬ ಹೆಸರಿಗೆ ತನ್ನ ಕೆಲಸದ ಫಂಕ್ಷನ್ ಕಟ್ಟಲಿ. ಮುಖ್ಯ ಕೋಡ್ ಕೊನೆಗೆ ಆ ಫಂಕ್ ಅನ್ನು ಕರೆದರೆ ಸಾಕು. ಮುಖ್ಯ ಕೋಡ್‌ನ ಆ್ಯಡ್_ಸಬ್‌ಪಾರ್ಸರ್ಸ್‌ಗೆ ಡೆಸ್ಟ್ (ಸಬ್‌ಕಮಾಂಡ್ ಹೆಸರು ಉಳಿಯುವ ಜಾಗ), ರಿಕ್ವೈರ್ಡ್ ಟ್ರೂ (ಸಬ್‌ಕಮಾಂಡ್ ಕಡ್ಡಾಯ) ಎರಡೂ ಕೊಡಿ. ಇಲ್ಲದಿದ್ದರೆ ಸಬ್‌ಕಮಾಂಡ್ ಇಲ್ಲದೆ ಓಡಿಸಿದವರಿಗೆ ಬಳಕೆಯ ಸೂಚನೆ ಬರುವ ಬದಲು ಆ್ಯಟ್ರಿಬ್ಯೂಟ್‌ಎರರ್ ಬರುತ್ತದೆ.

ಉತ್ತರ 2:
ಲೋಡ್ ಮಾಡುವುದನ್ನೂ ರಿಜಿಸ್ಟರ್ ಕರೆಯುವುದನ್ನೂ ಪ್ಲಗಿನ್‌ಗೊಂದರಂತೆ ಟ್ರೈ-ಎಕ್ಸೆಪ್ಟ್ ಒಳಗಿಡಿ. ಯಾರದೋ ಪ್ಲಗಿನ್‌ನಲ್ಲಿ ಇಂಪೋರ್ಟ್ ಮುರಿದರೆ ಕ್ಲೀನ್ ಕೂಡ ಓಡದಂತಾಗಬಾರದು. ಪ್ಲಗಿನ್ ಹೆಸರು ಸಮೇತ ಎಸ್‌ಟಿಡಿಎರರ್‌ಗೆ (ಎರರ್ ಸಂದೇಶಗಳ ಔಟ್‌ಪುಟ್) ಎಚ್ಚರಿಕೆ ಬರೆದು ಮುಂದೆ ಹೋಗಿ. ಭಾರದ ಲೈಬ್ರರಿಗಳನ್ನು ಪ್ಲಗಿನ್‌ನವರು ಕೆಲಸದ ಫಂಕ್ಷನ್ ಒಳಗೇ ಇಂಪೋರ್ಟ್ ಮಾಡಲಿ, ಇಲ್ಲದಿದ್ದರೆ ಹೆಲ್ಪ್ ತೋರಿಸುವುದಕ್ಕೂ ತಡವಾಗುತ್ತದೆ.

ಹೆಸರು ಡಿಕ್ಕಿ ಹೊಡೆಯುವುದನ್ನೂ ನೋಡಿಕೊಳ್ಳಿ. 3.10ರಲ್ಲಿ ಇಬ್ಬರು ಒಂದೇ ಹೆಸರು ಇಟ್ಟರೆ ಕೊನೆಗೆ ಬಂದದ್ದು ಸದ್ದಿಲ್ಲದೆ ಗೆಲ್ಲುತ್ತದೆ. ಎರರ್ ಬರುವುದು 3.11ರಿಂದ.

ಪ್ರಶ್ನೆ ಕೇಳಿದವರು:
ಮತ್ತೆ ಇನ್‌ಸ್ಟಾಲ್ ಮಾಡಿದೆ, ಕಾಣಿಸಿತು. ಈಗ ವರ್ಬೋಸ್ ಫ್ಲ್ಯಾಗ್ (ಹೆಚ್ಚು ವಿವರ ತೋರಿಸುವ ಆಯ್ಕೆ) ಸಬ್‌ಕಮಾಂಡ್ ಹೆಸರಿಗಿಂತ ಮುಂಚೆ ಕೊಟ್ಟರೆ ಫಾಲ್ಸ್ ಎಂದೇ ಬರುತ್ತದೆ, ಆಮೇಲೆ ಕೊಟ್ಟರೆ ಸರಿ. ಮುಖ್ಯ ಪಾರ್ಸರ್, ಸಬ್‌ಪಾರ್ಸರ್ ಎರಡರಲ್ಲೂ ಸೇರಿಸಿದ್ದೇನೆ.

ಉತ್ತರ 3:
ಮುಖ್ಯ ಪಾರ್ಸರ್ ಟ್ರೂ ಎಂದು ಬರೆದದ್ದನ್ನು ಸಬ್‌ಪಾರ್ಸರ್ ತನ್ನ ಡಿಫಾಲ್ಟ್‌ನಿಂದ ಅಳಿಸಿಬಿಡುತ್ತದೆ. ಸಬ್‌ಪಾರ್ಸರ್‌ನ ವರ್ಬೋಸ್‌ಗೆ ಡಿಫಾಲ್ಟ್ ಆಗಿ ಆರ್ಗ್‌ಪಾರ್ಸ್‌ನ ಸಪ್ರೆಸ್ (ಫ್ಲ್ಯಾಗ್ ಕೊಡದಿದ್ದರೆ ಏನನ್ನೂ ಬರೆಯಬೇಡ ಎಂಬ ಸೂಚನೆ) ಕೊಡಿ, ಮುಖ್ಯದ್ದನ್ನು ಹಾಗೇ ಬಿಡಿ. ಫ್ಲ್ಯಾಗನ್ನು ಪೇರೆಂಟ್ಸ್ (ಬೇರೆ ಪಾರ್ಸರ್‌ನ ಆಯ್ಕೆಗಳನ್ನು ಎರವಲು ಪಡೆಯುವ ಆರ್ಗ್ಯುಮೆಂಟ್) ಮೂಲಕ ಹಂಚುವುದಾದರೆ ಆ ಪೇರೆಂಟ್ ಪಾರ್ಸರ್‌ಗೆ ಆ್ಯಡ್_ಹೆಲ್ಪ್ ಫಾಲ್ಸ್ ಇರಲೇಬೇಕು, ಇಲ್ಲವಾದರೆ ಹೆಲ್ಪ್ ಫ್ಲ್ಯಾಗ್ ಎರಡು ಸಲ ಬಂದು ಜಗಳವಾಡುತ್ತದೆ.

ಫಂಕ್ ಹಿಂತಿರುಗಿಸುವ ಸಂಖ್ಯೆಯನ್ನು ಸಿಸ್ ಎಕ್ಸಿಟ್‌ಗೆ ದಾಟಿಸಿ. ಸಬ್‌ಪ್ರಾಸೆಸ್ ರನ್ ಬಳಸುವ ಪ್ಲಗಿನ್‌ಗಳಲ್ಲಿ ಚೆಕ್ ಟ್ರೂ ಇಲ್ಲದೆ ಹೋದರೆ, ಕಂಪೈಲರ್ ಸೋತರೂ ನಿಮ್ಮ ಸಿಐ (ಕೋಡನ್ನು ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ) ಹಸಿರು ತೋರಿಸುತ್ತದೆ.