ಪದಚರ್ಚೆ: ‘ಕ್ರೀಮಿ’ ಕೈಮ ಪಾಸ್ತಾ – ಈ ‘ಕ್ರೀಮಿ’ಗೆ ನಿಮ್ಮ ಮನೆಯಲ್ಲಿ ಏನಂತೀರಿ?

ಬಳಗದ ಎಲ್ಲರಿಗೂ ನಮಸ್ಕಾರ.

ಈ ಸಲ ಅಡುಗೆಮನೆಯ ಪ್ರಶ್ನೆ. ಇಂಗ್ಲೆಂಡಿನಲ್ಲಿರುವ ನಮ್ಮ ಅತ್ತಿಗೆ ಕೆಲಸದ ದಿನಗಳಲ್ಲಿ, ಮಕ್ಕಳು ಶಾಲೆಯಿಂದ ಹಸಿದು ಬಂದ ಸಂಜೆ, ಅರ್ಧ ಗಂಟೆಯಲ್ಲಿ ಒಂದು ಪಾಸ್ತಾ ಮಾಡಿ ಮುಗಿಸುತ್ತಾರೆ. ಕುರಿ ಕೈಮ (ಕೊಚ್ಚಿದ ಮಾಂಸ), ಕ್ರೀಮು, ಚೀಸು, ಒಂದಿಷ್ಟು ಟೊಮ್ಯಾಟೊ. ಇಲ್ಲಿ ರಜಕ್ಕೆ ಬಂದಾಗ ನಮ್ಮ ಮನೆಯಲ್ಲೂ ಮಾಡಿದರು. ತಿಂದವರೆಲ್ಲ ಬರೆದುಕೊಡಿ ಅಂದರು. ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಸಾಮಾನಿನ ಪಟ್ಟಿ ಸಲೀಸಾಗಿ ಆಯಿತು. ತಡೆದು ನಿಂತಿದ್ದು ಹೆಸರಿನಲ್ಲೇ. ‘ಕ್ರೀಮಿ’ ಅನ್ನುವುದಕ್ಕೆ ಏನು ಬರೆಯಲಿ?

ಪೊಟ್ಟಣಗಳ ಮೇಲೆ ‘ಕೆನೆಭರಿತ’, ‘ಕೆನೆಯುಕ್ತ’ ಅಂತೆಲ್ಲ ಇರುತ್ತದೆ. ಊಟಕ್ಕೆ ಕೂತಾಗ ಯಾರಾದರೂ ‘ಆಹಾ, ಎಷ್ಟು ಕೆನೆಯುಕ್ತವಾಗಿದೆ’ ಅಂದದ್ದನ್ನು ನಾನಂತೂ ಕೇಳಿಲ್ಲ. ಆದರೆ ನನ್ನ ತಕರಾರು ಅದು ಪುಸ್ತಕದ ಮಾತು ಅನ್ನುವುದಲ್ಲ. ಅದು ತಪ್ಪು ಹೇಳುತ್ತದೆ ಅನ್ನುವುದು. ನಮ್ಮ ಕೆನೆ ಹಾಲು ಕಾಯಿಸಿ ಆರಿಸಿದಾಗ ಮೇಲೆ ಕಟ್ಟುವ ಪದರ. ಕೆಲವು ಮಕ್ಕಳು ಅದನ್ನು ಬೆರಳಲ್ಲಿ ಎತ್ತಿ ಲೋಟದ ಅಂಚಿಗೆ ಅಂಟಿಸುತ್ತವೆ, ಕೆಲವು ಸಕ್ಕರೆ ಹಾಕಿಕೊಂಡು ತಿನ್ನುತ್ತವೆ. ಮನೆಯ ಹಿರಿಯರು ಕೂಡಿಟ್ಟು ಬೆಣ್ಣೆ ತೆಗೆಯುತ್ತಾರೆ. ಅಂಗಡಿಯ ಕ್ರೀಮು ಹಾಗಲ್ಲ. ಅದು ಹಾಲನ್ನು ಯಂತ್ರದಲ್ಲಿ ತಿರುಗಿಸಿ ಬೇರೆ ಮಾಡಿದ ಜಿಡ್ಡು. ಪದರ ಇಲ್ಲ, ಸುರಿಯಬಹುದು. ನಾನು ‘ಕೆನೆ ಹಾಕಿ’ ಅಂತ ಬರೆದರೆ ನಮ್ಮ ಚಿಕ್ಕಮ್ಮ ಫ್ರಿಜ್ಜಿನ ಡಬ್ಬಿಯಲ್ಲಿ ಕೂಡಿಟ್ಟ ಕೆನೆಯನ್ನೇ ಹಾಕುತ್ತಾರೆ. ಅದು ಬಿಸಿ ಬಾಣಲೆಯಲ್ಲಿ ಚೂರುಚೂರಾಗಿ ತೇಲುತ್ತದೆ. ಕ್ರೀಮಿ ಅನ್ನುವುದಕ್ಕೆ ಪೂರಾ ಉಲ್ಟಾ.

ಕನ್ನಡದಲ್ಲಿ ‘ಕ್ರೀಮಿ’ಗೆ ಗಟ್ಟಿಯಾಗಿ ನಿಂತ ಪದ ಒಂದಿದೆ. ಆದರೆ ಅದು ಇರುವುದು ಮೀಸಲಾತಿ ಸುದ್ದಿಯಲ್ಲಿ. ಸುಪ್ರೀಂ ಕೋರ್ಟಿನ 1992ರ ಇಂದ್ರಾ ಸಾಹ್ನಿ ತೀರ್ಪಿನ ನಂತರ ‘ಕೆನೆಪದರ’ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಅಲ್ಲಿ ಅದು ಚೆನ್ನಾಗಿ ಕೂತಿದೆ, ಏಕೆಂದರೆ ಹೇಳಬೇಕಾದದ್ದೇ ಮೇಲೆ ನಿಂತ ಪದರದ ಬಗ್ಗೆ. ನಾನು ‘ಕೆನೆ ಪಾಸ್ತಾ’ ಅಂತ ಬರೆದರೆ ನಮ್ಮ ದೊಡ್ಡಪ್ಪ ಆದಾಯ ಮಿತಿ ಎಷ್ಟು ಅಂತ ಕೇಳುತ್ತಾರೆ. (ಕುದುರೆ ಕೂಗುವುದಕ್ಕೂ ‘ಕೆನೆ’ ಅಂತಲೇ ಅನ್ನುತ್ತೇವೆ. ಆ ಕಡೆ ಹೋಗುವುದು ಬೇಡ.)

ಇನ್ನೊಂದು ವಿಷಯ. ಪಾಸ್ತಾ ಕ್ರೀಮಿ ಆಗಲು ಕ್ರೀಮು ಇರಲೇಬೇಕು ಅಂತಲೂ ಇಲ್ಲ. ರೋಮಿನ ಕಾರ್ಬೊನಾರಾ ಪಾಸ್ತಾಗೆ ಹಾಕುವುದು ಮೊಟ್ಟೆ, ಪೆಕೊರಿನೊ ಚೀಸು, ಹಂದಿ ಗಲ್ಲದ ಮಾಂಸ, ಮೆಣಸು. ಕ್ರೀಮು ಹಾಕಿದರೆ ಅಲ್ಲಿಯವರು ಜಗಳಕ್ಕೇ ಬರುತ್ತಾರೆ. ಆಲ್ಫ್ರೆಡೊ ಪಾಸ್ತಾ ಕೂಡ ರೋಮಿನಲ್ಲಿ ಬರೀ ಬೆಣ್ಣೆ ಮತ್ತು ಪಾರ್ಮೆಸಾನ್ ಚೀಸು. ಕ್ರೀಮು ಸೇರಿದ್ದು ಅಮೆರಿಕಕ್ಕೆ ಹೋದ ಮೇಲೆ. ಆದರೂ ಎರಡೂ ಬಾಯಲ್ಲಿ ನಯವಾಗಿ ಜಾರುತ್ತವೆ. ಕೆಲಸ ಮಾಡುವುದು ಪಾಸ್ತಾ ಬೆಂದ ನೀರಿನಲ್ಲಿರುವ ಪಿಷ್ಟ. ಅದು ಜಿಡ್ಡನ್ನೂ ನೀರನ್ನೂ ಬಿಡದೆ ಹಿಡಿದಿಡುತ್ತದೆ. ಕೊನೆಯಲ್ಲಿ ಬಾಣಲೆ ಅಲ್ಲಾಡಿಸುತ್ತ ಪಾಸ್ತಾ, ಜಿಡ್ಡು, ಆ ನೀರು ಮೂರನ್ನೂ ಒಂದು ಮಾಡುವ ಕೆಲಸಕ್ಕೆ ಇಟಲಿಯವರಲ್ಲಿ ‘ಮಾಂತೆಕಾರೆ’ ಅನ್ನುವ ಪದ ಇದೆ. ನೋಡಿ, ಅವರಿಗೆ ಅದು ಕ್ರಿಯಾಪದ.

ನಮ್ಮ ಅಡುಗೆಮನೆಯೂ ಹಾಗೇ ಅಲ್ವಾ? ಪುಳಿಯೋಗರೆ ಕಲಸುವಾಗ ‘ಗೊಜ್ಜು ಅನ್ನಕ್ಕೆ ಚೆನ್ನಾಗಿ ಹಿಡೀಬೇಕು’ ಅನ್ನುತ್ತೇವೆ. ಬಿಸಿಬೇಳೆಬಾತಿಗೆ ‘ಐದು ನಿಮಿಷ ಬಿಡು, ಹೊಂದಿಕೊಳ್ಳಲಿ’ ಅನ್ನುತ್ತೇವೆ. ಹೀಗಿರುತ್ತದೆ ಅನ್ನುವುದಕ್ಕಿಂತ ಹೀಗಾಗಬೇಕು ಅನ್ನುವುದೇ ನಮಗೆ ಸುಲಭ. ಅದಕ್ಕೇ ‘ಕ್ರೀಮಿ’ಗೆ ಒಂದು ವಿಶೇಷಣ ಹುಡುಕುವುದನ್ನು ಬಿಟ್ಟು, ‘ಹಿಡಿ’, ‘ಹೊಂದಿಕೊ’ ಇವುಗಳಲ್ಲೇ ಕೆಲಸ ಸಾಗುತ್ತದಾ ಅಂತ ನೋಡುತ್ತಿದ್ದೇನೆ. ‘ಸಾಸು ಪಾಸ್ತಾಗೆ ಹಿಡಿದು, ಮಂದವಾಗಿ, ನಯವಾಗಿ ಬರಬೇಕು’ – ಇಷ್ಟು ಬರೆದರೆ ಚಿಕ್ಕಮ್ಮನಿಗೆ ಅರ್ಥವಾಗುತ್ತದೆ. ‘ನುಣ್ಣಗೆ’ ಹಾಕಿ ನೋಡಿದೆ, ಒಗ್ಗಲಿಲ್ಲ. ನುಣ್ಣಗೆ ಅಂದರೆ ರುಬ್ಬುವುದೇ ನೆನಪಾಗುತ್ತದೆ. ‘ಗಟ್ಟಿ’ ಅಂದರೆ ಚಮಚ ನೆಟ್ಟಗೆ ನಿಲ್ಲುವ ಹಾಗೆ ಮಾಡಿಬಿಡುತ್ತಾರೆ. ‘ಮಂದ’ ಪರವಾಗಿಲ್ಲ. ಹಾಲು ಮಂದವಾಗುವವರೆಗೆ ಕಾಯಿಸು ಅನ್ನುವ ಮಾತು ಹೇಗೂ ಇದೆ. ನಿಮ್ಮ ಕಡೆ ‘ಮಂದ’ ಹೀಗೆ ಬಳಕೆಯಲ್ಲಿದೆಯಾ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ.

ಹೆಸರಿಗೆ ಮಾತ್ರ ಕ್ರಿಯಾಪದ ಸಾಲದು. ಅಲ್ಲಿ ನನ್ನ ಕಣ್ಣು ಕರಾವಳಿಯ ‘ಗಸಿ’ ಅನ್ನುವ ಪದದ ಮೇಲಿದೆ. ಮಾಂಸಕ್ಕೆ ಹಾಲು ಅಂದರೆ ನಮ್ಮ ಕಡೆ ಹಿರಿಯರು ಮೂಗು ಮುರಿಯುತ್ತಾರೆ, ಮೈಗಾಗುವುದಿಲ್ಲ ಅನ್ನುತ್ತಾರೆ. ಇಟಲಿಯಲ್ಲಿ ಹಾಗಿಲ್ಲ. ಬೊಲೋನ್ಯಾ ಊರಿನ ವಾಣಿಜ್ಯ ಮಂಡಳಿಯಲ್ಲಿ 1982ರಲ್ಲಿ ನೋಂದಣಿ ಮಾಡಿಸಿದ ರಾಗು (ಪಾಸ್ತಾಗೆ ಹಾಕುವ ಮಾಂಸದ ಸಾಸು) ಪಾಕದಲ್ಲಿ ದನದ ಮಾಂಸದ ಜೊತೆ ಹಾಲೂ ಇದೆ. ನಮ್ಮಲ್ಲಿ ಆ ಜಾಗದಲ್ಲಿ ಇರುವುದು ಕಾಯಿಹಾಲು. ಮಾಂಸದ ಜೊತೆ ನಯವಾದ, ಮಂದವಾದ ರಸ ಅಂದರೆ ಕರಾವಳಿಯ ಕೋರಿ (ಕೋಳಿ) ಗಸಿ. ನೀರಿಲ್ಲದೆ ಹುರಿದರೆ ಸುಕ್ಕ, ಮಂದ ರಸ ಇದ್ದರೆ ಗಸಿ. ಹಾಗಾದರೆ ಪಾಸ್ತಾದ ಈ ಸಾಸನ್ನು ಗಸಿ ಅನ್ನಬಹುದಾ? ಅಥವಾ ತೆಂಗಿನಕಾಯಿ ಇಲ್ಲದ್ದನ್ನು ಗಸಿ ಅಂದರೆ ಮಂಗಳೂರಿನವರು ನಗುತ್ತಾರಾ? ನನಗೆ ಪದ ಇಷ್ಟವಾಗಿದೆ. ಕದಿಯುವ ಮುಂಚೆ ಮನೆಯವರನ್ನು ಕೇಳೋಣ ಅಂತ. ಹಳೇ ಮೈಸೂರು ಕಡೆಯ ‘ಕೈಮ ಗೊಜ್ಜು’ ಕೂಡ ಇದೆ, ಆದರೆ ಗೊಜ್ಜು ಅಂದರೆ ನನ್ನ ನಾಲಿಗೆಗೆ ಹುಳಿಯೋ ಖಾರವೋ ಮೊದಲು ಬರುತ್ತದೆ. ಹಾಲು ಕ್ರೀಮಿನ ಸಾಸಿಗೆ ಅದು ಕೂಡುವುದಿಲ್ಲ.

ಅಂದ ಹಾಗೆ ಎಳೆ ಎಳೆ ಹಿಟ್ಟಿನ ಜೊತೆ ಮಾಂಸ ನಮಗೇನೂ ಹೊಸದಲ್ಲ. ಒತ್ತು ಶ್ಯಾವಿಗೆಗೆ ಕೋಳಿ ಸಾರು, ಕೊಡಗಿನ ನೂಪುಟ್ಟಿಗೆ ಕೋಳಿ ಕರಿ. ಉತ್ತರ ಕರ್ನಾಟಕದ ಗೌಲಿ, ಪರಡಿ ಅಂತೂ ಕೈಯಲ್ಲೇ ಮಾಡುವ ಪುಟ್ಟ ಪಾಸ್ತಾಗಳು, ಪಾಯಸಕ್ಕೆ ಹೋಗುತ್ತವೆ ಅಷ್ಟೆ. ಪಾಸ್ತಾ ಮಾಡುವ ಗಟ್ಟಿ ಗೋಧಿಯ ಜಾತಿಯದ್ದೇ ನಮ್ಮ ಬನ್ಸಿ ರವೆ. ಹಾಗಂತ ಪಾಸ್ತಾವನ್ನು ಶ್ಯಾವಿಗೆ ಅಂತ ಬರೆಯುವ ಹಟ ನನಗಿಲ್ಲ. ‘ಪಾಸ್ತಾ’ ಈಗ ಕನ್ನಡವೇ. ಅತ್ತಿಗೆ ಬಳಸುವುದು ಪೆನ್ನೆ ಅನ್ನುವ ಕೊಳವೆ ಪಾಸ್ತಾ. ಅದರ ತುದಿ ಓರೆಯಾಗಿ ಕತ್ತರಿಸಿದ ಗರಿ ಲೇಖನಿಯ ಹಾಗಿರುವುದಕ್ಕೆ ಆ ಹೆಸರು. ನಮ್ಮ ಜೇಬಿನ ಪೆನ್ನೂ ಅದೇ ಲ್ಯಾಟಿನ್ ಬೇರಿನದ್ದು. ಮಕ್ಕಳಿಗೆ ಹೇಳಿದರೆ ಖುಷಿಪಡುತ್ತಾರೆ.

ಈಗ ನಿಜವಾಗಿ ತಲೆ ಕೆಡಿಸಿದ ಪದ: ಪಾಸ್ತಾ ಬೇಯಿಸಿದ ನೀರು. ಇದನ್ನು ಚೆಲ್ಲಬಾರದು, ಒಂದು ಲೋಟ ಎತ್ತಿಡಬೇಕು. ಅದಿಲ್ಲದೆ ಈ ಅಡುಗೆ ಇಲ್ಲ. ‘ಎಸರು’ ಅನ್ನೋಣ ಅಂದರೆ ಎಸರು ಅಕ್ಕಿ ಹಾಕುವ ಮುಂಚಿನ ಕುದಿನೀರು. ಮಂಡ್ಯ ಕಡೆ ‘ಎಸ್ರು’ ಅಂದರೆ ಮುದ್ದೆಗೆ ಹಾಕಿಕೊಳ್ಳುವ ಸಾರೇ. ‘ಗಂಜಿ’ ಅಂದರೆ ಅನ್ನದ್ದು. ಕರಾವಳಿಯಲ್ಲಿ ಅದು ಒಂದು ಊಟ. ಅಲ್ಲೇ ‘ತೆಳಿ’ ಅನ್ನುವುದೂ ಇದೆ, ಅನ್ನ ಬಸಿದ ನೀರಿಗೆ. ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸಿದ್ದು ‘ಕಟ್ಟು’. ಬೇಳೆ ಬೇಯಿಸಿ ಬಸಿದದ್ದು ಬೇಳೆ ಕಟ್ಟು. ಹೋಳಿಗೆ ದಿನ ಅದರಲ್ಲೇ ಕಟ್ಟಿನ ಸಾರು. ಬೆಂದ ಪದಾರ್ಥದ ಸತ್ವ ಇಳಿದ ನೀರು, ಮುಂದಿನ ಅಡುಗೆಗೆ ಎತ್ತಿಟ್ಟದ್ದು. ಇಲ್ಲೂ ಆಗುವುದು ಅದೇ ತಾನೆ? ‘ಬಸಿಯುವ ಮುಂಚೆ ಒಂದು ಲೋಟ ಕಟ್ಟು ತೆಗೆದಿಡಿ’ ಅಂದರೆ ಎಷ್ಟು ಚೊಕ್ಕ! ಗೋಧಿ ಪದಾರ್ಥಕ್ಕೆ ‘ಕಟ್ಟು’ ಅಂದರೆ ಯಾರಿಗಾದರೂ ಕಿವಿಗೆ ಚುಚ್ಚುತ್ತದಾ? ನನಗೆ ಚುಚ್ಚಲಿಲ್ಲ.

ಪಾಸ್ತಾ ತೀರಾ ಮೆತ್ತಗಾಗದ ಹದಕ್ಕೆ ಇಟಲಿಯವರು ಅನ್ನುವ ‘ಅಲ್ ದೆಂತೆ’ ಕಷ್ಟವಾಗಲಿಲ್ಲ. ‘ಹಲ್ಲಿಗೆ ಸಿಗುವ ಹಾಗೆ’ ಅಂತ ನಾವು ಮೊದಲಿಂದ ಅನ್ನುತ್ತೇವೆ. ಇಟಲಿಯ ಮಾತಿನಲ್ಲೂ ಇರುವುದು ಹಲ್ಲೇ.

ಇನ್ನೊಂದು ಕಡೆ ಪದ ಇದೆ, ಆದರೆ ಅದೇ ದಾರಿ ತಪ್ಪಿಸುತ್ತದೆ. ‘ಎಣ್ಣೆ ಬಿಡುವವರೆಗೆ ಹುರಿಯಿರಿ.’ ನಮಗೆ ಇದು ಮಸಾಲೆ ಆಯಿತು ಅನ್ನುವುದರ ಗುರುತು. ಅಂಚಿನಲ್ಲಿ ಎಣ್ಣೆ ಮಿನುಗಿದರೆ ನೆಮ್ಮದಿ. ಕ್ರೀಮಿನ ಸಾಸಿಗೆ ಅದೇ ಗುರುತು ಕೆಟ್ಟಿತು ಅನ್ನುವುದಕ್ಕೆ! ಜಿಡ್ಡು ಬೇರೆಯಾಗಿ ಮೇಲೆ ಬಂತು ಅಂದರೆ ಸಾಸು ಒಡೆದಿದೆ. ಬಾಣಲೆಯಲ್ಲಿ ಕಣ್ಣಿಗೆ ಕಾಣುವುದು ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಕ್ರೀಮು ಹಾಕುವ ಮುಂಚೆ ‘ಎಣ್ಣೆ ಬಿಡಲಿ’, ಹಾಕಿದ ಮೇಲೆ ‘ಒಡೆಯದಿರಲಿ’ ಅಂತ ಬೇರೆ ಬೇರೆ ಬರೆಯಲೇಬೇಕು. ಹಾಲು ಒಡೆಯುವುದು ಎಲ್ಲರಿಗೂ ಗೊತ್ತಿರುವುದರಿಂದ ‘ಒಡೆ’ ಸಾಕು ಅನ್ನಿಸುತ್ತದೆ. ನಮ್ಮಲ್ಲಿ ಒಡೆಯುವ ಭಯ ಸ್ವಲ್ಪ ಜಾಸ್ತಿಯೇ. ಇಂಗ್ಲೆಂಡಿನ ಡಬಲ್ ಕ್ರೀಮಿನಲ್ಲಿ ಶೇಕಡಾ 48 ಜಿಡ್ಡು ಇರುತ್ತದೆ. ಕುದಿಸಿದರೂ ತಡೆದುಕೊಳ್ಳುತ್ತದೆ. ಇಲ್ಲಿ ಸಿಗುವ ಅಮುಲ್ ಫ್ರೆಶ್ ಕ್ರೀಮಿನಲ್ಲಿ ಶೇಕಡಾ 25. ಟೊಮ್ಯಾಟೊ ಹುಳಿಯೂ ಜೋರು ಉರಿಯೂ ಸೇರಿದರೆ ಒಡೆಯುತ್ತದೆ.

ಕೈಮದ್ದೂ ಇಂಥದ್ದೇ ತಕರಾರು. ಕೈಮ, ಕೀಮಾ, ಖೀಮಾ – ಯಾವುದನ್ನು ಬರೆದರೂ ಮೂಲ ತುರ್ಕಿಯ ಕೊಚ್ಚಿದ್ದು. ನಾನು ಕೈಮ ಉಂಡೆ ತಿಂದು ಬೆಳೆದವನು, ಕೈಮ ಅಂತಲೇ ಬರೆಯುತ್ತೇನೆ. ಆದರೆ ಅತ್ತಿಗೆ ತರುವುದು ಎಳೆಯ ಕುರಿಯದ್ದು, ಹದಿನೈದು ನಿಮಿಷದಲ್ಲಿ ಮೆತ್ತಗಾಗುತ್ತದೆ. ನಮ್ಮ ಅಂಗಡಿಯ ಮಟನ್ ಕೈಮ ಅಷ್ಟಕ್ಕೆ ಜಗ್ಗುವುದಿಲ್ಲ. ಕುಕ್ಕರಿನಲ್ಲಿ ಎರಡು ಮೂರು ಕೂಗು ಬೇಕು. ಅರ್ಧ ಗಂಟೆಯ ಮಾತು ಉಳಿಯಬೇಕಾದರೆ ಕೋಳಿ ಕೈಮ ಒಳ್ಳೆಯದು.

ಇದೆಲ್ಲ ಸೇರಿಸಿ ಬರೆದ ಕರಡು ಹೀಗಿದೆ. ಪದಗಳ ಮೇಲೆ ಕಣ್ಣಿಟ್ಟು ಓದಿ:

‘ನಾಲ್ಕು ಜನಕ್ಕೆ. ಅಗಲ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ 400 ಗ್ರಾಂ ಕೈಮ ಹರಡಿ. ಮೊದಲು ನೀರು ಬಿಟ್ಟುಕೊಳ್ಳುತ್ತದೆ. ಕೆದಕಬೇಡಿ. ನೀರು ಇಂಗಿ, ಚಟಪಟ ಸದ್ದು ಬಂದು, ತಳ ಕೆಂಪಾದ ಮೇಲೆ ತಿರುವಿ. ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಬಾಡಿಸಿ. ಎರಡು ಚಮಚ ಟೊಮ್ಯಾಟೊ ಪೇಸ್ಟು ಹಾಕಿ ಹಸಿ ವಾಸನೆ ಹೋಗಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಉಪ್ಪು, ಕುಟ್ಟಿದ ಮೆಣಸು. ಒಂದು ಲೋಟ ನೀರು ಹಾಕಿ, ಮುಚ್ಚಿ, ಕೈಮ ಮೆತ್ತಗಾಗಲು ಬಿಡಿ. ಆ ಕಡೆ 350 ಗ್ರಾಂ ಪೆನ್ನೆಯನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ಬೇಯಿಸಿ. ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಎರಡು ನಿಮಿಷ ಮುಂಚೆ, ಹಲ್ಲಿಗೆ ಸಿಗುವಾಗಲೇ ನಿಲ್ಲಿಸಿ. ಒಂದು ಲೋಟ ಕಟ್ಟು ತೆಗೆದಿಟ್ಟು ಬಸಿಯಿರಿ. ಬಾಣಲೆಯ ಉರಿ ಸಣ್ಣ ಮಾಡಿ 150 ಮಿಲಿ ಕ್ರೀಮು ಸುರಿಯಿರಿ. ಇನ್ನು ಕುದಿ ಬರಬಾರದು, ಒಡೆಯುತ್ತದೆ. ಪೆನ್ನೆ ಮತ್ತು ಅರ್ಧ ಲೋಟ ಕಟ್ಟು ಹಾಕಿ, ಬಾಣಲೆ ಅಲ್ಲಾಡಿಸುತ್ತ, ಸಾಸು ಹಿಡಿದು ಮಂದವಾಗುವವರೆಗೆ ತಿರುವಿ. ಒಲೆ ಆರಿಸಿ ತುರಿದ ಚೀಸು ಎರಡು ಹಿಡಿ ಉದುರಿಸಿ. ಆರುತ್ತ ಬಿಗಿಯುತ್ತದೆ. ಉಳಿದ ಕಟ್ಟು ಬೇಕಾಗುವುದು ಆಗಲೇ.’

‘ಬಿಗಿಯುತ್ತದೆ’ ಸರಿಯಾಯಿತಾ? ನಮ್ಮ ಮನೆಯಲ್ಲಿ ಆರಿದ ಬಿಸಿಬೇಳೆಬಾತಿಗೆ ಹಾಗನ್ನುತ್ತಾರೆ. ನಿಮ್ಮ ಕಡೆ ‘ಗಟ್ಟಿಯಾಗುತ್ತೆ’ ಅಂತಷ್ಟೇನಾ, ಬೇರೆ ಮಾತಿದೆಯಾ? ಅಡುಗೆಯ ‘ತಿರುವು’ ಮತ್ತು ‘ಮಗುಚು’ ನಡುವೆ ನೀವು ವ್ಯತ್ಯಾಸ ಮಾಡುತ್ತೀರಾ? ನಾನು ದೋಸೆಗೆ ಮಗುಚು, ಪಲ್ಯಕ್ಕೆ ತಿರುವು ಅನ್ನುತ್ತೇನೆ. ನಮ್ಮ ಮನೆಯಾಕೆ ಎರಡಕ್ಕೂ ಮಗುಚು ಅನ್ನುತ್ತಾಳೆ.

ಕೆಲಸದ ದಿನದ ರಾತ್ರಿಗೆ ಇಂಗ್ಲಿಷಿನಲ್ಲಿ ‘ವೀಕ್‌ನೈಟ್’ ಅಂತ ಒಂದೇ ಪದ ಇದೆ. ನನಗೆ ಅದು ಬೇಕಿಲ್ಲ. ‘ಸ್ಕೂಲಿದ್ದ ದಿನ ಮಾಡೋದು’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಮುಖ್ಯವಾಗಿ ‘ಗಸಿ’ ಮತ್ತು ‘ಕಟ್ಟು’ ಬಗ್ಗೆ ನಿಮ್ಮೂರಿನ ಬಳಕೆ ತಿಳಿಸಿ. ಊರಿನ ಹೆಸರು ಜೊತೆಗೆ ಬರೆಯಿರಿ, ಇಲ್ಲದಿದ್ದರೆ ಯಾವ ಕಡೆಯ ಮಾತು ಅಂತ ಗೊತ್ತಾಗುವುದಿಲ್ಲ. ಭಾನುವಾರದೊಳಗೆ ಬಂದರೆ ಅನುಕೂಲ, ಮನೆಯವರು ಆಗಲೇ ಪೆನ್ನೆ ತಂದಿಟ್ಟುಕೊಂಡು ಕೂತಿದ್ದಾರೆ. ಅಲ್ಲಿಯವರೆಗೆ ತಲೆಬರಹದಲ್ಲಿ ಸುಮ್ನೆ ‘ಕೈಮ ಪಾಸ್ತಾ’ ಅಂತ ಇಟ್ಟಿರುತ್ತೇನೆ.