ಅಪ್‌ಡೇಟ್: ವೆಟ್‌ಸೂಟಿನ ಸೀಳು ಮುಚ್ಚಿದೆ, ಈಗ ನೀರು ನುಗ್ಗುತ್ತಿಲ್ಲ

ಸ್ಕಾಟ್ಲೆಂಡಿನ ಥರ್ಸೊದಲ್ಲಿ ಚಳಿಗಾಲದ ಸರ್ಫಿಂಗ್‌ಗೆ ಬಳಸುವ 5/4 ವೆಟ್‌ಸೂಟಿನ (ತಣ್ಣೀರಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು; ಮುಂಡದ ಭಾಗ 5 ಮಿ.ಮೀ., ಕೈಕಾಲು 4 ಮಿ.ಮೀ. ದಪ್ಪ) ತೊಡೆಭಾಗ ಉಗುರು ತಾಗಿ ಸೀಳಿದೆ, ಸೂಪರ್ ಗ್ಲೂ ಹಾಕಬಹುದೇ ಎಂದು ಕೇಳಿದ್ದೆ. ಬೇಡ ಎಂದವರ ಮಾತೇ ಸರಿ. ಅದು ಒಣಗಿದರೆ ಗಟ್ಟಿಯಾಗುತ್ತದೆ, ಸೂಟಿನ ರಬ್ಬರ್ ಆದ ನಿಯೋಪ್ರೀನ್ ಹಿಗ್ಗಿದಾಗ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಕೆಲಸ ಮಾಡಿದ್ದು ನಿಯೋಪ್ರೀನ್ ಸಿಮೆಂಟ್, ಅಂದರೆ ಒಣಗಿದ ಮೇಲೂ ಬಾಗುವ ರಬ್ಬರ್ ಅಂಟು. ಮೊದಲು ಸೂಟನ್ನು ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಉಪ್ಪು, ತೇವ ಉಳಿದರೆ ಅಂಟು ಹಿಡಿಯುವುದಿಲ್ಲ. ಸೀಳನ್ನು ಬಾಗಿಸಿ ತೆರೆದು ಎರಡೂ ಅಂಚಿಗೆ ತೆಳುವಾಗಿ ಸವರಿ, ಸುಮಾರು 10 ನಿಮಿಷ ಬಿಟ್ಟು ಇನ್ನೊಂದು ಪದರ. ಮುಟ್ಟಿದರೆ ಜಿಗುಟು, ಆದರೆ ಬೆರಳಿಗೆ ಮೆತ್ತಿಕೊಳ್ಳುವುದಿಲ್ಲ ಎನ್ನುವ ಹಂತಕ್ಕೆ ಬಂದಾಗ ಅಂಚು ಜೋಡಿಸಿ ಬಿಗಿಯಾಗಿ ಒತ್ತಬೇಕು. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ, ಹಸಿ ಅಂಟು ಜಾರುತ್ತದೆ. ಆಮೇಲೆ 24 ಗಂಟೆ ನೀರು ತಾಗಿಸಬಾರದು. ಸೀಳು ಸೂಟಿನ ಒಳಪದರದ ಬಟ್ಟೆಯವರೆಗೂ ಹೋಗಿದ್ದರೆ ಬಟ್ಟೆಗೆ ಮಾತ್ರ ಹೊಲಿಗೆ; ರಬ್ಬರಿಗೆ ಸೂಜಿ ಆರಪಾರ ಹೋದರೆ ಆ ತೂತುಗಳೇ ಸೋರುತ್ತವೆ.

ಸೂಟ್ ಹಾಕಿಕೊಳ್ಳುವಾಗ ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿದರೆ ಕಾಲು ಸಲೀಸಾಗಿ ಇಳಿಯುತ್ತದೆ. ಎಳೆಯುವುದು ಬೆರಳಿನ ಮೆತ್ತನೆ ಭಾಗದಿಂದ, ಉಗುರಿನಿಂದಲ್ಲ. ಒಣಗಿಸುವುದು ಒಳಮೈ ಹೊರಗೆ ಮಾಡಿ, ನೆರಳಿನಲ್ಲಿ, ಸೊಂಟದ ಬಳಿ ಮಡಚಿ. ಭುಜದಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಅಲ್ಲೇ ಜೋಲುತ್ತದೆ.