‘ರೇಂಜ್ ಸ್ಟೇಟ್’: ಕನ್ನಡದಲ್ಲಿ ಏನೆನ್ನಬಹುದು?

ಬಳಗದವರಿಗೆ ನಮಸ್ಕಾರ.

ಮಧ್ಯ ಏಷ್ಯಾದ ಸೈಗಾ ಹುಲ್ಲೆಯ ಬಗ್ಗೆ ಹೈಸ್ಕೂಲು ಮಕ್ಕಳಿಗೆಂದು ಲೇಖನ ಬರೆಯುತ್ತಿದ್ದೇನೆ. ‘ರೇಂಜ್ ಸ್ಟೇಟ್’ ಎಂಬ ಮಾತಿಗೆ ಸರಿಯಾದ ಕನ್ನಡ ಬೇಕಾಗಿದೆ. ವಲಸೆ ಪ್ರಾಣಿಗಳ ಕುರಿತ 1979ರ ಬಾನ್ ಒಪ್ಪಂದದ ಪ್ರಕಾರ, ಪ್ರಾಣಿಯೊಂದು ವಾಸಿಸುವ, ಕೆಲಕಾಲ ತಂಗುವ ಅಥವಾ ಬರೀ ಹಾದುಹೋಗುವ ನೆಲ ಯಾವ ದೇಶದ ಆಡಳಿತದಲ್ಲಿದೆಯೋ ಅದು ರೇಂಜ್ ಸ್ಟೇಟ್.

‘ವಲಯ ರಾಜ್ಯ’ ಎಂದರೆ ಅರ್ಥವೇ ಕೆಡುತ್ತದೆ. ನಮ್ಮಲ್ಲಿ ವಲಯವೆಂದರೆ ವಲಯ ಅರಣ್ಯಾಧಿಕಾರಿಯ ವಲಯ, ರಾಜ್ಯವೆಂದರೆ ಕರ್ನಾಟಕ, ಕೇರಳ. ‘ನೆಲೆ ದೇಶ’ ಕಿವಿಗೆ ಹಿತವಾಗಿದೆ. ಆದರೆ ಸೈಗಾ ಒಂದೆಡೆ ನೆಲೆ ನಿಲ್ಲುವ ಪ್ರಾಣಿಯಲ್ಲ. ಉಸ್ತ್ಯುರ್ಟ್ ಪ್ರಸ್ಥಭೂಮಿಯ ಹಿಂಡುಗಳು ಬೇಸಿಗೆಯಲ್ಲಿ ಕಜಕಿಸ್ತಾನದಲ್ಲಿ ಮೇಯುತ್ತವೆ, ಚಳಿಗಾಲಕ್ಕೆ ತೆಂಕಲಿಗೆ ಉಜ್ಬೇಕಿಸ್ತಾನದತ್ತ ಇಳಿಯುತ್ತವೆ.

‘ಪಾಲುದಾರ ದೇಶ’ ಎಂದು ಬರೆದರೆ ಸಾಕಲ್ಲ ಎಂದು ಗೆಳೆಯರೊಬ್ಬರು ಸೂಚಿಸಿದರು. ನಾನು ಒಪ್ಪಲಾರೆ, ಹೊಣೆ ಯಾರದೆಂಬುದೇ ಅದರಲ್ಲಿ ಮಸುಕಾಗುತ್ತದೆ. 2006ರಲ್ಲಿ ಜಾರಿಗೆ ಬಂದ ಸೈಗಾ ಒಡಂಬಡಿಕೆಯ ರೇಂಜ್ ಸ್ಟೇಟ್‌ಗಳು ಕಜಕಿಸ್ತಾನ, ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನ, ರಷ್ಯಾ ಮತ್ತು ಮಂಗೋಲಿಯ. ಸೈಗಾ ಮತ್ತು ಅದರ ಹುಲ್ಲುಗಾವಲುಗಳನ್ನು ಉಳಿಸುವ ಕಜಕಿಸ್ತಾನದ ‘ಆಲ್ಟಿನ್ ದಲಾ’ ಯೋಜನೆಗೆ ಅಲ್ಲಿನ ಸರ್ಕಾರದ ಜೊತೆಗೆ ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಘ, ಜರ್ಮನಿಯ ಫ್ರಾಂಕ್‌ಫರ್ಟ್ ಪ್ರಾಣಿಶಾಸ್ತ್ರ ಸಂಘದಂಥವು ನೆರವಾಗಿವೆ. ಸೈಗಾದ ಕೊಂಬು ಸಾಂಪ್ರದಾಯಿಕ ಔಷಧಿಗೆಂದು ಬಿಕರಿಯಾಗುವುದು ಮುಖ್ಯವಾಗಿ ಚೀನಾದಲ್ಲಿ. ಮೇಯುವ ನೆಲ ಒಬ್ಬರದು, ಹಣ ಇನ್ನೊಬ್ಬರದು, ಮಾರುಕಟ್ಟೆ ಮತ್ತೊಬ್ಬರದು. ಮೂವರನ್ನೂ ‘ಪಾಲುದಾರ’ರೆಂದು ಕರೆದರೆ ಮಕ್ಕಳಿಗೆ ಏನು ತಿಳಿದೀತು?

ದೇಶ ದೇಶಗಳ ನಡುವಿನ ಈ ಸಹಕಾರ ಎಷ್ಟು ಮುಖ್ಯವೆಂಬುದು ಅವರಿಗೆ ತಲುಪಲೇಬೇಕು. 2015ರ ಮೇ ತಿಂಗಳಲ್ಲಿ ಕೆಲವೇ ವಾರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈಗಾಗಳು ಸತ್ತವು. ಕಾರಣ, ನಮ್ಮ ದನ-ಎಮ್ಮೆಗಳನ್ನೂ ಕಾಡುವ ಗಳಲೆ ರೋಗ (ಇದಕ್ಕೆ ಪದ ಹುಡುಕಬೇಕಾಗಲಿಲ್ಲ, ನಮ್ಮ ರೈತರ ಬಾಯಲ್ಲೇ ಇತ್ತು). ಅಷ್ಟಾದರೂ ಸಂತತಿ ಚೇತರಿಸಿಕೊಂಡು, 2023ರ ಡಿಸೆಂಬರ್‌ನಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಸೈಗಾವನ್ನು ತೀವ್ರ ಅಳಿವಿನಂಚಿನ ಪಟ್ಟಿಯಿಂದ ತೆಗೆದು ಕಡಿಮೆ ಅಪಾಯದ ವರ್ಗಕ್ಕೆ ಸೇರಿಸಿತು.

ನನ್ನ ಒಲವು ‘ಹರವಿನ ದೇಶ’ದ ಕಡೆಗೆ. ತಂಗುವುದೂ ಹಾಯುವುದೂ ಅದರಲ್ಲಿ ಅಡಕವಾಗುತ್ತದೆ. ಬಂಡೀಪುರ, ಮುದುಮಲೈ, ವಯನಾಡುಗಳ ನಡುವೆ ಓಡಾಡುವ ಆನೆಗಳ ಬಗ್ಗೆ ಬರೆಯುವಾಗ ‘ಹರವಿನ ರಾಜ್ಯ’ ಎಂದೂ ಬಳಸಬಹುದು. ಆದರೆ ಬಳಕೆಯಲ್ಲೇ ಇರುವ ಪದ ಸಿಕ್ಕರೆ ಅದೇ ಮೇಲು. ಕಾವಲು, ಗೋಮಾಳ ಎಂದರೆ ಒಂದೊಂದೇ ಜಾಗ. ಕುರಿಹಿಂಡಿನೊಂದಿಗೆ ವರ್ಷವಿಡೀ ಊರೂರು ಅಲೆಯುವ ಕುರಿಗಾಹಿಗಳು ತಾವು ತಿರುಗುವ ಅಷ್ಟೂ ಸೀಮೆಗೆ ಒಟ್ಟಾಗಿ ಏನನ್ನುತ್ತಾರೆ? ಬೆಳಗಾವಿ, ಬಾಗಲಕೋಟೆ, ಚಿತ್ರದುರ್ಗದ ಕಡೆಯವರು ಕೇಳಿದ್ದರೆ ದಯವಿಟ್ಟು ತಿಳಿಸಿ.